ಹಾರ್ಪಿನ ಹಾಡು, ಶಾಲೆಯ ಬ್ಯಾಂಡು

ಸ್ವಾತಂತ್ರ್ಯ ದಿನದ ಬೆಳಿಗ್ಗೆ ನಮ್ಮ ಜಿಲ್ಲೆಯ ಯಾವ ಊರಿನ ಮೈದಾನಕ್ಕೆ ಹೋದರೂ, ಚಿತ್ರದುರ್ಗವಾಗಲಿ, ಹಿರಿಯೂರಾಗಲಿ, ಹೊಸದುರ್ಗವಾಗಲಿ, ಹೊಳಲ್ಕೆರೆಯಾಗಲಿ, ಮೊದಲು ಕಿವಿಗೆ ಬೀಳುವುದು ಶಾಲಾ ಬ್ಯಾಂಡಿನ ಸದ್ದು. ದೊಡ್ಡ ಡ್ರಮ್ಮು, ಸೈಡ್ ಡ್ರಮ್ಮುಗಳು, ಒಂದು ಸಾಲು ಕೊಳಲು, ಒಂದೆರಡು ಬ್ಯೂಗಲ್ಲು, ಕೈತಾಳ. ಸ್ವಲ್ಪ ಅನುಕೂಲವುಳ್ಳ ಶಾಲೆಯಾದರೆ ಕ್ಲಾರಿಯೊನೆಟ್, ಟ್ರಂಪೆಟ್, ಸ್ಯಾಕ್ಸೋಫೋನ್. ಮಕ್ಕಳು ಉತ್ಸಾಹದಿಂದ ನುಡಿಸುತ್ತಾರೆ. ಆದರೆ ಅವರಿಗೆ ಬರುವ ಹಾಡುಗಳು ಎಷ್ಟು? ರಾಷ್ಟ್ರಗೀತೆ, ಒಂದೆರಡು ನಡಿಗೆಯ ಧಾಟಿ, ಹೆಚ್ಚೆಂದರೆ ಒಂದು ದೇಶಭಕ್ತಿಗೀತೆ. ಹಬ್ಬ ಮುಗಿದ ಮರುದಿನ ವಾದ್ಯಗಳು ಬೀರುವಿಗೆ ಸೇರಿದರೆ ಮತ್ತೆ ಹೊರಬರುವುದು ಜನವರಿಯಲ್ಲಿ.

ಹೊಸ ಹಾಡು ಕಲಿಸಬಾರದೇ ಎಂದು ಯಾರಾದರೂ ಕೇಳಬಹುದು. ಕಲಿಸಹೊರಟವರ ಕಷ್ಟ ಏನೆಂಬುದು ನನಗೆ ಅನುಭವದಿಂದ ಗೊತ್ತು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಬ್ಯಾಂಡಿಗೆ ಪಾಠ ಹೇಳಲು ಹೋಗಿದ್ದೆ. ಜೊತೆಯಲ್ಲಿ ಅಚ್ಚಾದ ಸ್ವರಪುಸ್ತಕವೊಂದನ್ನು ಒಯ್ದಿದ್ದೆ. ಪುಸ್ತಕ ಕೇಳುತ್ತಿದ್ದುದು ಇಪ್ಪತ್ತು ಬಗೆಯ ವಾದ್ಯಗಳನ್ನು. ನಮ್ಮಲ್ಲಿದ್ದದ್ದು ಆರು ಕೊಳಲು, ಮೂರು ಕ್ಲಾರಿಯೊನೆಟ್, ಎರಡು ಟ್ರಂಪೆಟ್, ಒಂದು ಸ್ಯಾಕ್ಸೋಫೋನ್, ಒಂದು ಬ್ಯೂಗಲ್. ಸಿಕ್ಕವರಿಗೆ ಸಿಕ್ಕಂತೆ ಹಾಳೆಗಳನ್ನು ಹಂಚಿದೆ. ಕೊನೆಗೆ ಉಳಿದವನು ಬ್ಯೂಗಲ್ ಹಿಡಿದ ಹುಡುಗ. "ನಾನೇನು ಊದ್ಲಿ, ಸಾ?" ಎಂದ. "ನೀನು ಬಾವುಟ ಏರಿಸುವಾಗ ಊದುವೆಯಂತೆ ಬಿಡಪ್ಪ, ಈಗ ಕೂತು ಕೇಳು" ಎಂದೆ. ಅವನು ಕೂತು ಕೇಳಿದ. ಮರುವಾರ ಅವನು ಬರಲಿಲ್ಲ.

ತಪ್ಪು ನನ್ನದೇ. ಪುಸ್ತಕಕ್ಕೆ ಮಕ್ಕಳನ್ನು ಹೊಂದಿಸಲು ನೋಡಿದೆನೇ ಹೊರತು ಮಕ್ಕಳಿಗೆ ಹಾಡನ್ನು ಹೊಂದಿಸಲಿಲ್ಲ. ಆ ಹುಡುಗನ ಪ್ರಶ್ನೆಗೆ ಆಗ ಕೊಡಬೇಕಾಗಿದ್ದ ಉತ್ತರವನ್ನು ಈಗ ಈ ಲೇಖನದಲ್ಲಿ ಕೊಡಲು ಯತ್ನಿಸುತ್ತೇನೆ. ಇಂತಿಷ್ಟೇ ವಾದ್ಯಗಳು ಬೇಕೆಂದು ಹಟ ಹಿಡಿಯದೆ, ಇರುವ ವಾದ್ಯಗಳಲ್ಲೇ ಹಾಡು ಪೂರ್ಣವಾಗುವಂತೆ ಹೊಸೆಯುವ ಒಂದು ವಿಧಾನ ಹೊರದೇಶಗಳ ಶಾಲೆಗಳಲ್ಲಿ ಬಹಳವಾಗಿ ರೂಢಿಗೆ ಬಂದಿದೆ. ಅದನ್ನು 'ಫ್ಲೆಕ್ಸಿಬಲ್ ಬ್ಯಾಂಡ್' ಎನ್ನುತ್ತಾರೆ. ನಾವು 'ಹೊಂದಿಕೆಯ ಮೇಳ' ಎನ್ನೋಣ. ಇದನ್ನು ವಿವರಿಸಲು ಒಂದು ಹಾಡು ಬೇಕು. ಬೇಕೆಂದೇ ದೂರದ ಹಾಡೊಂದನ್ನು, ಅದೂ ಊದುವ ವಾದ್ಯಕ್ಕಲ್ಲದೆ ಮೀಟುವ ವಾದ್ಯಕ್ಕೆಂದು ಹುಟ್ಟಿದ ಹಾಡನ್ನು ಆರಿಸಿಕೊಂಡಿದ್ದೇನೆ. ದೂರದ್ದನ್ನು ಹೊಂದಿಸುವ ಕೈ ಹತ್ತಿರದ್ದನ್ನೂ ಹೊಂದಿಸೀತು.

ಐರ್ಲೆಂಡ್ ದೇಶದ ರಾಷ್ಟ್ರಲಾಂಛನವೇ ಹಾರ್ಪ್ ಎಂಬ ವಾದ್ಯ. ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅರಸನ ತೊಡೆಯ ಮೇಲೆ ಬಿಲ್ಲಿನಾಕಾರದ ವೀಣೆ ಇರುವುದನ್ನು ಇತಿಹಾಸದ ಪುಸ್ತಕಗಳಲ್ಲಿ ನೋಡಿರುತ್ತೀರಿ. ತಮಿಳು ನಾಡಿನ ಹಳೆಯ ಯಾಳ್ ಸಹ ಅದೇ ಕುಲದ್ದು. ಹಾರ್ಪ್ ಈ ಬಂಧುಬಳಗಕ್ಕೆ ಸೇರಿದ್ದು. ಇದರಲ್ಲಿ ನಮ್ಮ ಈಗಿನ ವೀಣೆಯಂತೆ ಮೆಟ್ಟಿಲುಗಳಿಲ್ಲ. ಸ್ವರಮಂಡಲದಲ್ಲಿರುವಂತೆ ಒಂದೊಂದು ಸ್ವರಕ್ಕೆ ಒಂದೊಂದು ತಂತಿ. ಹಳೆಯ ಐರಿಷ್ ಹಾರ್ಪಿಗೆ ಹಿತ್ತಾಳೆಯ ತಂತಿ ಬಿಗಿದು, ಬೆಳೆಸಿದ ಉಗುರಿನಿಂದ ಮೀಟುತ್ತಿದ್ದರು. ಮೀಟಿದ ತಂತಿ ಗಂಟೆಯಂತೆ ಬಹಳ ಹೊತ್ತು ಅನುರಣಿಸುತ್ತದೆ. ಮುಂದಿನ ಸ್ವರ ಬಂದ ಮೇಲೂ ಹಿಂದಿನದು ಕೇಳುತ್ತಲೇ ಇರುತ್ತದೆ. ಈ ಗುಣವನ್ನು ನೆನಪಿಟ್ಟುಕೊಳ್ಳಬೇಕು. ಊದುವ ವಾದ್ಯಗಳಿಗೆ ಹಾಡನ್ನು ಹೊಂದಿಸುವಾಗ ಎದುರಾಗುವ ತೊಡಕೆಲ್ಲ ಇಲ್ಲಿಯೇ ಇದೆ.

ಆ ನಾಡಿನ ಹಾರ್ಪ್ ವಾದಕರಲ್ಲಿ ಬಹು ಪ್ರಸಿದ್ಧನಾದವನು ಟರ್ಲೋ ಒ'ಕ್ಯಾರೊಲನ್. ಹುಟ್ಟಿದ್ದು ೧೬೭೦ರಲ್ಲಿ. ಹದಿನೆಂಟರ ಪ್ರಾಯದಲ್ಲಿ ಸಿಡುಬು ತಗಲಿ ಕಣ್ಣು ಹೋಯಿತು. ಆಶ್ರಯದಾತೆಯಾಗಿದ್ದ ಮಹಿಳೆಯೊಬ್ಬಳು ಅವನಿಗೆ ಹಾರ್ಪ್ ಕಲಿಸಿ, ಒಂದು ಕುದುರೆಯನ್ನೂ ದಾರಿ ತೋರಿಸುವವನೊಬ್ಬನನ್ನೂ ಕೊಟ್ಟು ಕಳುಹಿಸಿದಳು. ಅಲ್ಲಿಂದ ೧೭೩೮ರಲ್ಲಿ ತೀರಿಕೊಳ್ಳುವವರೆಗೆ, ಹೆಚ್ಚುಕಡಿಮೆ ಅರ್ಧ ಶತಮಾನ, ಊರೂರು ತಿರುಗಿ ನುಡಿಸಿದ. ಅವನವೆಂದು ಹೇಳುವ ಇನ್ನೂರಕ್ಕೂ ಮಿಕ್ಕಿದ ಧಾಟಿಗಳು ಉಳಿದುಬಂದಿವೆ. ಅವುಗಳಲ್ಲಿ ಮೊದಲನೆಯದೆಂದು ಪರಂಪರೆ ಹೇಳುವುದು 'ಶೀ ವೆಗ್, ಶೀ ವೋರ್' ಎಂಬ ಹಾಡನ್ನು. 'ಚಿಕ್ಕ ಯಕ್ಷಗುಡ್ಡ, ದೊಡ್ಡ ಯಕ್ಷಗುಡ್ಡ' ಎಂದು ಅದರ ಅರ್ಥ. ಎದುರುಬದುರಾದ ಎರಡು ಗುಡ್ಡಗಳು, ಒಂದೊಂದರಲ್ಲೂ ಒಂದೊಂದು ಯಕ್ಷಪಡೆ, ಎರಡಕ್ಕೂ ಯುದ್ಧ. ಇಷ್ಟೇ ಕತೆ. ಗುಡ್ಡಗಳ ನಡುವೆ ಹುಟ್ಟಿ, ಒಂದೊಂದು ಬಂಡೆಗೂ ಒಂದೊಂದು ಕತೆ ಕೇಳಿ ಬೆಳೆದ ದುರ್ಗದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರದೇಶದ ಧಾಟಿ ನಮಗೇಕೆ ಎಂದು ಹುಬ್ಬೇರಿಸುವವರೂ ಇರಬಹುದು. ಅವರಿಗೆ ಎರಡು ಸಂಗತಿಗಳನ್ನು ನೆನಪಿಸುತ್ತೇನೆ. ಮೊದಲನೆಯದು, ಮುತ್ತುಸ್ವಾಮಿ ದೀಕ್ಷಿತರ (೧೭೭೫–೧೮೩೫) ನೊಟ್ಟುಸ್ವರಗಳು. ಮದರಾಸಿನ ಕೋಟೆಯಲ್ಲಿ ಕಂಪನಿಯ ಬ್ಯಾಂಡು ನುಡಿಸುತ್ತಿದ್ದ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತದ ಸಾಹಿತ್ಯವನ್ನು ಕೂಡಿಸಿದರು. ಇಂಥ ರಚನೆಗಳು ಸುಮಾರು ನಲವತ್ತು. ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿ. 'ವಂದೇ ಮೀನಾಕ್ಷಿ' ಎಂಬ ನೊಟ್ಟುಸ್ವರದ ಮೂಲ ಐರಿಷ್ ಧಾಟಿಯೆಂದೇ ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ಐರ್ಲೆಂಡಿನ ಹಾಡು ಬ್ಯಾಂಡಿನ ಬಾಯಿಂದ ನಮ್ಮ ಸಂಗೀತಕ್ಕೆ ಬಂದು ಇನ್ನೂರು ವರ್ಷವಾಯಿತು.

ಎರಡನೆಯದು ಇನ್ನೂ ಹತ್ತಿರದ್ದು. ೧೯೧೯ರಲ್ಲಿ ರವೀಂದ್ರನಾಥ ಠಾಕೂರರು ನಮ್ಮ ಗಡಿಗೆ ಸಮೀಪದ ಮದನಪಲ್ಲಿಗೆ ಬಂದು ಅಲ್ಲಿಯ ಥಿಯೊಸಾಫಿಕಲ್ ಕಾಲೇಜಿನಲ್ಲಿ ತಂಗಿದ್ದರು. 'ಜನಗಣಮನ'ವನ್ನು ಅವರು ಅಲ್ಲಿ ಹಾಡಿದಾಗ, ಅದರ ಧಾಟಿಯನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟವರು ಪ್ರಾಂಶುಪಾಲರ ಪತ್ನಿ ಮಾರ್ಗರೆಟ್ ಕಸಿನ್ಸ್. ಅವರು ಐರ್ಲೆಂಡಿನವರು, ಸಂಗೀತದಲ್ಲಿ ಪದವಿ ಪಡೆದವರು. ಹುಟ್ಟಿದ್ದು ರಾಸ್‌ಕಾಮನ್ ಪ್ರಾಂತದ ಬಾಯ್ಲ್ ಎಂಬ ಊರಿನಲ್ಲಿ. ಒ'ಕ್ಯಾರೊಲನ್‌ನ ಸಮಾಧಿ ಇರುವುದೂ ಅದೇ ಪ್ರಾಂತದಲ್ಲಿ! ಆ ಅಂಧ ವಾದಕ ಮಣ್ಣಾದ ನೆಲದಲ್ಲಿ ಹುಟ್ಟಿದ ಹೆಣ್ಣುಮಗಳು ನಮ್ಮ ರಾಷ್ಟ್ರಗೀತೆಯ ಸ್ವರಗಳನ್ನು ಕಾಗದಕ್ಕಿಳಿಸಿದಳು. ಸುಮಾರು ೫೨ ಸೆಕೆಂಡುಗಳ ಆ ಗೀತೆಯನ್ನು ನಮ್ಮ ಮಕ್ಕಳು ಪ್ರತಿ ಆಗಸ್ಟ್ ತಿಂಗಳಲ್ಲಿ ಬ್ಯಾಂಡಿನಲ್ಲಿ ನುಡಿಸುತ್ತಾರೆ. ಆ ಸಾಲವನ್ನು ಒಂದು ಹಾಡಿನಿಂದ ತೀರಿಸಿದರೆ ತಪ್ಪೇನು?

ಇನ್ನು ಕೆಲಸಕ್ಕೆ ಬರೋಣ. ಮೊದಲು ಶ್ರುತಿ. ಈ ಹಾಡನ್ನು ಹಾರ್ಪ್ ವಾದಕರೂ ಪಿಟೀಲಿನವರೂ ಸಾಮಾನ್ಯವಾಗಿ ಎರಡು ಮನೆ ಶ್ರುತಿಯಲ್ಲಿ, ಎಂದರೆ ಪಾಶ್ಚಾತ್ಯರ 'ಡಿ'ಯನ್ನು ಷಡ್ಜವಾಗಿಟ್ಟುಕೊಂಡು ನುಡಿಸುತ್ತಾರೆ. ತಂತಿಗೆ ಅದು ಸುಲಭ. ಆದರೆ ಕ್ಲಾರಿಯೊನೆಟ್, ಟ್ರಂಪೆಟ್‌ಗಳು 'ಬಿ-ಫ್ಲ್ಯಾಟ್' ವಾದ್ಯಗಳು. ಹುಡುಗ ತನ್ನ ಹಾಳೆಯಲ್ಲಿ 'ಸಿ' ಎಂದು ಓದಿ ಊದಿದರೆ ಹೊರಗೆ ಕೇಳುವುದು 'ಬಿ-ಫ್ಲ್ಯಾಟ್'. ಎರಡು ಮನೆಯ ಹಾಡನ್ನು ಅವನ ಹಾಳೆಗೆ ಬರೆದರೆ ನಾಲ್ಕು ತೀವ್ರ ಚಿಹ್ನೆಗಳು ಬಂದು ಕೂರುತ್ತವೆ, ಬೆರಳುಗಳು ತೊಡರುತ್ತವೆ. ಆದ್ದರಿಂದ ಷಡ್ಜವನ್ನು ಆರೂವರೆ ಮನೆಗೆ, ಅಂದರೆ ಬಿ-ಫ್ಲ್ಯಾಟಿಗೆ ಇಳಿಸಬೇಕು. ಆಗ ಕ್ಲಾರಿಯೊನೆಟ್, ಟ್ರಂಪೆಟ್ಟಿನವರ ಷಡ್ಜ 'ಸಿ'. 'ಇ-ಫ್ಲ್ಯಾಟ್' ವಾದ್ಯವಾದ ಆಲ್ಟೊ ಸ್ಯಾಕ್ಸೋಫೋನಿನವನ ಷಡ್ಜ 'ಜಿ'. ಇಬ್ಬರಿಗೂ ಅದು ಮೊದಲ ಪಾಠದ ಮನೆ. ಕೊಳಲುಗಳನ್ನು ಕೊಳ್ಳುವಾಗಲೇ ಆ ಶ್ರುತಿಗೆ ಹೊಂದುವಂಥವನ್ನು ಆರಿಸಬೇಕು. ಮೇಳದಲ್ಲಿ ಒಂದೇ ಒಂದು ಬೇರೆ ಶ್ರುತಿಯ ಕೊಳಲಿದ್ದರೂ ಸಾಕು, ಹಾಲಿಗೆ ಹುಳಿ ಬಿದ್ದಂತೆ.

ಮುಂದಿನದು ಸಾಲುಗಳನ್ನು ಮಾಡುವುದು. ಇದೇ ಹೊಂದಿಕೆಯ ಮೇಳದ ಜೀವಾಳ. ವಾದ್ಯಕ್ಕೊಂದು ಹಾಳೆ ಬರೆಯುವುದನ್ನು ಬಿಟ್ಟು, ಹಾಡನ್ನೇ ನಾಲ್ಕು ಸಾಲುಗಳಾಗಿ ಬರೆಯಬೇಕು. ಮೊದಲನೆಯ ಸಾಲು ಹಾಡಿನ ಧಾಟಿ. ಎರಡನೆಯದು ಧಾಟಿಯ ಕೆಳಗೆ ಅದರ ಜೊತೆಯಲ್ಲಿ ನಡೆಯುವ ಒತ್ತಾಸೆಯ ಸಾಲು. ಮೂರನೆಯದು ನಡುವೆ ನಿಂತು ಸ್ವರಗಳನ್ನು ಹಿಡಿದುಕೊಳ್ಳುವ ಸಾಲು. ನಾಲ್ಕನೆಯದು ತಳಪಾಯ, ಹಾರ್ಪಿನ ದಪ್ಪ ತಂತಿಗಳ ಕೆಲಸವನ್ನು ಮಾಡುವಂಥದು. ಒಂದೊಂದು ಸಾಲನ್ನೂ ಎಲ್ಲ ಬಗೆಯ ವಾದ್ಯಗಳಿಗೆ ಓದಲು ಬರುವಂತೆ ಬೇರೆ ಬೇರೆ ಪ್ರತಿ ಮಾಡಿಡಬೇಕು. ಆಮೇಲೆ ಯಾರು ಯಾವ ಸಾಲನ್ನು ನುಡಿಸಬೇಕೆಂಬುದು ಆ ಶಾಲೆಯ ಅನುಕೂಲಕ್ಕೆ ಬಿಟ್ಟದ್ದು. ಹಿರಿಯೂರಿನಲ್ಲಿ ಮೊದಲ ಸಾಲನ್ನು ಕೊಳಲುಗಳು ನುಡಿಸಬಹುದು, ಹೊಸದುರ್ಗದಲ್ಲಿ ಟ್ರಂಪೆಟ್ಟು ನುಡಿಸಬಹುದು. ಒಂದು ಕಡೆ ಯೂಫೋನಿಯಂ ಇದ್ದರೆ ನಾಲ್ಕನೆಯ ಸಾಲು ಅದಕ್ಕೆ. ಇಲ್ಲದಿದ್ದರೆ ಶಾಲೆಯ ಹಾರ್ಮೋನಿಯಂ ಆ ಸಾಲನ್ನು ತುಂಬಲಿ, ನಾಚಿಕೆಯೇನೂ ಇಲ್ಲ. ನಾಲ್ಕು ಸಾಲಿಗೂ ಒಬ್ಬೊಬ್ಬರಾದರೂ ಸಿಕ್ಕರೆ ಹಾಡು ಪೂರ್ಣ. ನಾಲ್ವರಿದ್ದರೂ ನಡೆಯುತ್ತದೆ, ನಲವತ್ತು ಮಂದಿ ಇದ್ದರೂ ನಡೆಯುತ್ತದೆ.

ಸಾಲುಗಳನ್ನು ಬರೆಯುವಾಗ ಮಗುವಿನ ಬೆರಳು, ತುಟಿ, ಉಸಿರು ಮೂರನ್ನೂ ಎದುರಿಗಿಟ್ಟುಕೊಳ್ಳಬೇಕು. ಕ್ಲಾರಿಯೊನೆಟ್ಟಿನ ಒಂದು ಉದಾಹರಣೆ ಸಾಕು. ನಾವು ಆರಿಸಿದ ಶ್ರುತಿಯಲ್ಲಿ ಅದು ಮಂದ್ರ ಗಾಂಧಾರದಿಂದ ಮಧ್ಯಸ್ಥಾಯಿಯ ಧೈವತದವರೆಗೆ ಸರಾಗವಾಗಿ ಹೋಗುತ್ತದೆ. ಆದರೆ ಧೈವತದಿಂದ ನಿಷಾದಕ್ಕೆ ಏರುವ ಕಡೆ ಒಂದು ಎತ್ತರದ ಹೊಸ್ತಿಲಿದೆ. ಧೈವತವನ್ನು ನುಡಿಸುವಾಗ ರಂಧ್ರಗಳೆಲ್ಲ ತೆರೆದಿರುತ್ತವೆ. ನಿಷಾದಕ್ಕೆ ಒಮ್ಮೆಗೇ ಎಲ್ಲವನ್ನೂ ಮುಚ್ಚಿ, ಹೆಬ್ಬೆರಳಿನಿಂದ ಹಿಂದಿನ ಕೀಲಿಯನ್ನೂ ಒತ್ತಬೇಕು. ಒಂದು ವರ್ಷ ಕಲಿತವನೂ ಇಲ್ಲಿ ಎಡವುತ್ತಾನೆ, ವಾದ್ಯ ಕಿರಿಚಿಕೊಳ್ಳುತ್ತದೆ. ನಮ್ಮ ಹಾಡಿನ ವ್ಯಾಪ್ತಿಯಾದರೋ ಒಂದು ಸ್ಥಾಯಿಗಿಂತ ಹೆಚ್ಚು. ಹೀಗಾಗಿ ಹೊಸದಾಗಿ ಸೇರಿದ ಕ್ಲಾರಿಯೊನೆಟ್ಟಿನವರನ್ನು ಎರಡನೆಯ ಸಾಲಿನಲ್ಲಿ, ಹೊಸ್ತಿಲಿನ ಈಚೆಗೇ ಇರಿಸಬೇಕು. ಅನುಭವವುಳ್ಳವನೊಬ್ಬ ಮೊದಲ ಸಾಲಿನಲ್ಲಿರಲಿ. ಕಿರಿಯನು ಪಕ್ಕದವನನ್ನು ಕೇಳುತ್ತ ಕೇಳುತ್ತ ಒಂದು ದಿನ ತಾನೇ ಹೊಸ್ತಿಲು ದಾಟುತ್ತಾನೆ.

ಈಗ ತೊಡಕಿನ ಮಾತು: ತಂತಿಯನ್ನು ಉಸಿರಾಗಿಸುವುದು ಹೇಗೆ? ಮೀಟಿದ ಸ್ವರ ಹುಟ್ಟುವಾಗಲೇ ಗಟ್ಟಿ. ಹುಟ್ಟಿದ ಕ್ಷಣದಿಂದ ಕ್ಷೀಣಿಸುತ್ತ ಹೋಗುತ್ತದೆ. ಊದಿದ ಸ್ವರವಾದರೋ ಉಸಿರಿರುವಷ್ಟು ಹೊತ್ತೂ ಒಂದೇ ಸಮನಾಗಿ ನಿಲ್ಲುತ್ತದೆ. ಮಕ್ಕಳು ಹಾರ್ಪಿನ ಹಾಡನ್ನು ಸುಮ್ಮನೆ ಓದಿ ಊದಿದರೆ ಅದು ಸಾಲುಗಟ್ಟಿದ ಇಟ್ಟಿಗೆಗಳಂತಾಗುತ್ತದೆ. ಇದಕ್ಕೆ ಎರಡು ಉಪಾಯಗಳಿವೆ. ಒಂದು, ಪ್ರತಿ ಸ್ವರವನ್ನೂ ನಾಲಿಗೆಯ ತುದಿಯಿಂದ 'ತು' ಎಂಬಂತೆ ಸ್ಫುಟವಾಗಿ ಆರಂಭಿಸಿ, ಕೂಡಲೇ ಉಸಿರನ್ನು ಸ್ವಲ್ಪ ಸಡಿಲಿಸುವುದು. ದೇವಸ್ಥಾನದ ಗಂಟೆಯನ್ನು ನೆನೆಸಿಕೊಂಡು ಊದಿ ಎಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ.

ಎರಡನೆಯ ಉಪಾಯ ಸಾಲುಗಳ ಹಂಚಿಕೆಯಲ್ಲಿದೆ. ಹಾರ್ಪಿನಲ್ಲಿ ಷಡ್ಜ, ಗಾಂಧಾರ, ಪಂಚಮಗಳನ್ನು ಒಂದಾದಮೇಲೊಂದು ಮೀಟಿದಾಗ ಪಂಚಮ ಕೇಳುವ ಹೊತ್ತಿಗೆ ಷಡ್ಜವೂ ಗಾಂಧಾರವೂ ಇನ್ನೂ ಗಾಳಿಯಲ್ಲಿರುತ್ತವೆ. ಒಂದೇ ಕ್ಲಾರಿಯೊನೆಟ್ಟಿಗೆ ಇದು ಸಾಧ್ಯವಿಲ್ಲ, ಮೇಳಕ್ಕೆ ಸಾಧ್ಯ. ಮೊದಲ ಸಾಲು ಷಡ್ಜವನ್ನು ನುಡಿಸಿ ಮುಂದೆ ಹೋದಾಗ ಮೂರನೆಯ ಸಾಲು ಆ ಷಡ್ಜವನ್ನು ಹಿಡಿದುಕೊಳ್ಳಲಿ. ಗಾಂಧಾರವನ್ನು ಬಿಟ್ಟಾಗ ಎರಡನೆಯ ಸಾಲು ಅದನ್ನು ಹಿಡಿಯಲಿ. ಒಬ್ಬನ ಕೈಯಿಂದ ಜಾರಿದ ಸ್ವರವನ್ನು ಇನ್ನೊಬ್ಬ ಮೆಲ್ಲನೆ ಎತ್ತಿಕೊಂಡಂತೆ. ಹಿಡಿದವರು ಮೆಲುವಾಗಿ ಊದಬೇಕು. ಪಕ್ಕಪಕ್ಕದವರು ಒಂದೇ ಕಡೆ ಉಸಿರೆಳೆಯಬಾರದು. ಒಬ್ಬ ಉಸಿರೆಳೆಯುವಾಗ ಇನ್ನೊಬ್ಬ ನಡೆಸುತ್ತಿರಬೇಕು. ನಮ್ಮ ಊರಿನ ಓಲಗದಲ್ಲಿ ಶ್ರುತಿ ಊದುವವನನ್ನು ಗಮನಿಸಿದ್ದೀರಾ? ಹಿರಿಯೂರಿನ ತೇರುಮಲ್ಲೇಶ್ವರನ ತೇರು ಎಳೆಯುವಾಗ ಜನರ ಕಣ್ಣೆಲ್ಲ ನಾಗಸ್ವರದವನ ಮೇಲೆ, ಡೋಲಿನವನ ಮೇಲೆ. ಶ್ರುತಿಯವನನ್ನು ಯಾರೂ ನೋಡುವುದಿಲ್ಲ. ಅವನು ಒಂದು ಗಳಿಗೆ ನಿಲ್ಲಿಸಿದರೆ ಮಾತ್ರ ಎಲ್ಲರೂ ಅವನ ಕಡೆ ತಿರುಗುತ್ತಾರೆ. ಮೂರನೆಯ ಸಾಲಿನ ಮಕ್ಕಳಿಗೆ ಈ ಮಾತನ್ನು ತಪ್ಪದೆ ಹೇಳಬೇಕು.

ಇಲ್ಲಿ ನಮ್ಮ ಬ್ಯೂಗಲ್ ಹುಡುಗ ಬರುತ್ತಾನೆ. ಬ್ಯೂಗಲ್ಲಿಗೆ ರಂಧ್ರವಿಲ್ಲ, ಕೀಲಿಯಿಲ್ಲ. ತುಟಿಯ ಬಿಗಿತದಿಂದ ಆ ಕೊಳವೆಯ ಸಹಜಸ್ವರಗಳಷ್ಟೇ ಹೊರಡುತ್ತವೆ. ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬಿ-ಫ್ಲ್ಯಾಟ್ ಬ್ಯೂಗಲ್. ಅದರಲ್ಲಿ ಸುಲಭವಾಗಿ ಹೊರಡುವ ನಾಲ್ಕು ಸ್ವರಗಳು ಯಾವುವು? ಕೆಳಗಿನ ಪಂಚಮ, ಷಡ್ಜ, ಗಾಂಧಾರ, ಮೇಲಿನ ಪಂಚಮ. ನಾವು ಷಡ್ಜವನ್ನು ಆರೂವರೆ ಮನೆಗೆ ಇಳಿಸಿದ ಕಾರಣ ಆ ನಾಲ್ಕೂ ನಮ್ಮ ಹಾಡಿನ ಆಧಾರಸ್ವರಗಳೇ ಆದುವು! ಹಾಡು ಷಡ್ಜದಲ್ಲಿ ನೆಲೆಗೊಳ್ಳುವ ಕಡೆ ಅವನು ಷಡ್ಜವನ್ನು ಹಿಡಿಯಬಹುದು, ಪಂಚಮಕ್ಕೆ ವಾಲುವ ಕಡೆ ಪಂಚಮವನ್ನು. ಎರಡನೆಯ ಭಾಗದ ಆರಂಭದಲ್ಲಿ ಎದುರುಗುಡ್ಡದ ಕಹಳೆಯಂತೆ ಪ-ಸ-ಗ-ಪ ಎಂದು ಒಮ್ಮೆ ಕೂಗಬಹುದು. ಅವನ ಗಾಂಧಾರ ಹಾರ್ಮೋನಿಯಂನದಕ್ಕಿಂತ ಕೂದಲೆಳೆಯಷ್ಟು ಇಳಿದಿರುತ್ತದೆ. ಅದು ದೋಷವಲ್ಲ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರಗಾಂಧಾರವೇ ಅದು. ಆ ಸ್ವರ ಬಂದಾಗ ಹಾರ್ಮೋನಿಯಂನ ಗಾಂಧಾರವನ್ನು ಬಿಟ್ಟುಬಿಟ್ಟರೆ ಸರಿ. ಮೂಲೆಯಲ್ಲಿ ಕೂತು ಕೇಳೆಂದು ನಾನು ಹೇಳಿದ ಹುಡುಗನ ಕೈಯಲ್ಲಿ ತಂಬೂರಿಯ ಸ್ವರವೇ ಇತ್ತು. ನನಗೆ ತಿಳಿದಿರಲಿಲ್ಲ, ಅಷ್ಟೆ.

ಲಯದ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ಹಾಡು ಮೂರೆಣಿಕೆಯ ನಡೆಯದು, ಸಾವಧಾನವಾದದ್ದು. ಎಡ-ಬಲ ಹೆಜ್ಜೆಗೆ ಇದು ಕೂಡುವುದಿಲ್ಲ. ಆದ್ದರಿಂದ ನಿಂತು ನುಡಿಸುವ ಹಾಡಿದು, ನಡೆಯುತ್ತ ನುಡಿಸುವುದಲ್ಲ. ದೊಡ್ಡ ಡ್ರಮ್ಮು ಮೊದಲನೆಯ ಎಣಿಕೆಯನ್ನು ಮುಟ್ಟಿದರೆ ಸಾಕು, ಅದೂ ಪ್ರತಿ ಆವರ್ತಕ್ಕೂ ಬೇಡ. ಸೈಡ್ ಡ್ರಮ್ಮಿನ ಕೆಳಗಿನ ತಂತಿಯನ್ನು ಸಡಿಲಿಸಿ ಮೆತ್ತಗೆ ಬಾರಿಸಬೇಕು. ಕೈತಾಳ, ಗೆಜ್ಜೆಗಳ ಇಂಪು ಹಾರ್ಪಿನ ಹಿತ್ತಾಳೆ ತಂತಿಗೆ ಹತ್ತಿರ. ಹಾಡಿಗೆ ನಮ್ಮ ಪಲ್ಲವಿ, ಚರಣಗಳಂತೆ ಎರಡು ಭಾಗ. ಒಂದೊಂದನ್ನೂ ಎರಡೆರಡು ಸಲ ನುಡಿಸುವುದು ವಾಡಿಕೆ. ಮೊದಲ ಸಲ ಕೊಳಲಿನವನೊಬ್ಬನೇ, ಶ್ರುತಿಯ ಆಸರೆಯಲ್ಲಿ, ಒಂದೂ ಅಲಂಕಾರವಿಲ್ಲದೆ ನುಡಿಸಲಿ. ಎರಡನೆಯ ಸಲ ಮೇಳ ಕೂಡಿಕೊಳ್ಳಲಿ. ಸಂಗತಿಗಳು ಏನಿದ್ದರೂ ಆಮೇಲೆ.

ಕಲಿಸುವ ಕ್ರಮದಲ್ಲಿ ಒಂದೇ ನಿಯಮ: ಬಾಯಲ್ಲಿ ಬಂದ ಮೇಲೆ ವಾದ್ಯದಲ್ಲಿ. ನಾಲ್ಕು ಸಾಲನ್ನೂ ಸರಿಗಮದಲ್ಲಿ ಎಲ್ಲ ಮಕ್ಕಳೂ ಹಾಡಬೇಕು. ನಾಲ್ಕನೆಯ ಸಾಲಿನವನಿಗೆ ಮೊದಲನೆಯದು ಗೊತ್ತಿರಬೇಕು, ಮೊದಲಿನವನಿಗೆ ನಾಲ್ಕನೆಯದು. ಪಾಶ್ಚಾತ್ಯ ಲಿಪಿ ಬಾರದ ಶಾಲೆಯಲ್ಲಿ ಹಾಳೆಯನ್ನು ಕನ್ನಡದ ಸ್ವರಲಿಪಿಯಲ್ಲೇ ಬರೆದುಕೊಡಬಹುದು. ಶಂಕರಾಭರಣದ ಸರಳೆ ಕಲಿತ ಮಗುವಿಗೆ ಇದರಲ್ಲಿ ಹೊಸ ಸ್ವರ ಯಾವುದೂ ಇಲ್ಲ.

ಅಳವಡಿಸುವವನಿಗೆ ಒಂದು ಎಚ್ಚರಿಕೆಯ ಮಾತು. ಅದನ್ನು ಹಾರ್ಪಿನ ಇತಿಹಾಸವೇ ಹೇಳುತ್ತದೆ. ಹಳೆಯ ವಾದಕರ ಪರಂಪರೆ ಅಳಿಯುತ್ತಿದೆಯೆಂದು ಕಂಡ ಕೆಲವು ಮಹನೀಯರು ೧೭೯೨ರ ಜುಲೈನಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಒಂದು ಸಮ್ಮೇಳನವನ್ನು ಕೂಡಿಸಿದರು. ಐರ್ಲೆಂಡಿನ ವಾದಕರು ಬಂದದ್ದು ಹತ್ತೇ ಮಂದಿ. ಅವರಲ್ಲಿ ಹಿರಿಯನಾದ ಡೆನಿಸ್ ಹೆಂಪ್ಸನ್‌ಗೆ ಆಗ ೯೭ ವರ್ಷವೆಂದು ಹೇಳುತ್ತಾರೆ. ಉದ್ದ ಉಗುರಿನಿಂದ ಹಳೆಯ ರೀತಿಯಲ್ಲಿ ಮೀಟುತ್ತಿದ್ದವನು ಅವನು. ಕೇಳಿದ್ದನ್ನು ಬರೆದುಕೊಳ್ಳಲು ನೇಮಿಸಿದ್ದು ಎಡ್ವರ್ಡ್ ಬಂಟಿಂಗ್ ಎಂಬ ೧೯ ವರ್ಷದ ತರುಣನನ್ನು. ಆ ಕೆಲಸವೇ ಅವನ ಬಾಳಿನ ವ್ರತವಾಯಿತು. ೧೭೯೬, ೧೮೦೯, ೧೮೪೦ರಲ್ಲಿ ಅವನು ಮೂರು ಸಂಗ್ರಹಗಳನ್ನು ಹೊರತಂದ. ಅವನಿಲ್ಲದಿದ್ದರೆ ಎಷ್ಟೋ ಧಾಟಿಗಳು ಹೇಳಹೆಸರಿಲ್ಲದೆ ಹೋಗುತ್ತಿದ್ದವು. ಆದರೆ ಅಚ್ಚು ಹಾಕುವಾಗ ಅವನು ಪಿಯಾನೋ ನುಡಿಸುವ ಮನೆತನಗಳನ್ನು ಕಣ್ಣ ಮುಂದಿಟ್ಟುಕೊಂಡ. ಪಿಯಾನೋಗೆ ಒಪ್ಪುವಂತೆ ಸ್ವರಗಳನ್ನು ತಿದ್ದಿದ, ಮೂಲದಲ್ಲಿಲ್ಲದ ಸ್ವರಮೇಳಗಳನ್ನು ತುಂಬಿದ. ಅವನ ಪುಣ್ಯ, ವಾದಕರ ಎದುರಿನಲ್ಲಿ ಕೂತು ಬರೆದ ಕಚ್ಚಾ ಹಸ್ತಪ್ರತಿಗಳು ಉಳಿದುವು. ಅಚ್ಚಿನ ಪುಸ್ತಕಕ್ಕೂ ಅವಕ್ಕೂ ಇರುವ ವ್ಯತ್ಯಾಸವನ್ನು ಮುಂದಿನ ವಿದ್ವಾಂಸರು ತೋರಿಸಿಕೊಟ್ಟರು. ಹಳೆಯ ಬಾಜನ್ನು ಅರಸುವವರು ಈಗ ಆ ಹಸ್ತಪ್ರತಿಗಳಿಗೇ ಮರಳುತ್ತಾರೆ.

ನಾವು ಕಲಿಯಬೇಕಾದ ಪಾಠ ಸ್ಪಷ್ಟ. ಮೂಲವನ್ನು ಒಂದು ಕಡೆ ಇದ್ದಂತೆಯೇ ಕಾಪಾಡಬೇಕು. ಅಳವಡಿಕೆಯನ್ನು ಇನ್ನೊಂದು ಕಡೆ, ಇದು ಅಳವಡಿಕೆ ಎಂದು ಒಪ್ಪಿಕೊಂಡು ಮಾಡಬೇಕು. ನಾಲ್ಕು ಸಾಲು ಇದೆಯೆಂದು ನಾಲ್ಕನ್ನೂ ಸದಾ ದುಡಿಸಬಾರದು. ಧಾಟಿ ಕೇಳದಷ್ಟು ಒತ್ತಾಸೆ ಕೊಟ್ಟರೆ ಮದುವಣಗಿತ್ತಿ ಒಡವೆಯಲ್ಲಿ ಮುಳುಗಿಹೋದಂತೆ.

ಹಾಗಾದರೆ ಮೂಲವನ್ನು ಮುಟ್ಟಲೇಬಾರದೇ? ಮುಟ್ಟಬೇಕು, ಆದರೆ ಅನುಕರಿಸಲು ಅಲ್ಲ. ಈ ಮಾತನ್ನು ವಿಶದಪಡಿಸಲು ಇನ್ನೊಬ್ಬ ಐರಿಷ್ ಮಹನೀಯನನ್ನು ನೆನೆಯುತ್ತೇನೆ. ಮಾರ್ಗರೆಟ್ ಅವರ ಪತಿ, ಕವಿ ಜೇಮ್ಸ್ ಕಸಿನ್ಸ್ ೧೯೨೪ರಲ್ಲಿ ಮೈಸೂರಿಗೆ ಬಂದಿದ್ದಾಗ ತರುಣರೊಬ್ಬರು ತಾವು ಬರೆದ ಇಂಗ್ಲಿಷ್ ಕವನಗಳನ್ನು ತೋರಿಸಿದರು. ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂದು ಕಸಿನ್ಸ್ ಸಲಹೆಯಿತ್ತರು. ಆ ತರುಣರೇ ಕುವೆಂಪು. ಮುಂದಿನದು ಎಲ್ಲರಿಗೂ ಗೊತ್ತು. ವಾದ್ಯಗಳಿಗೂ ತಾಯ್ನುಡಿಯುಂಟು. ಕ್ಲಾರಿಯೊನೆಟ್ಟು ಹಾರ್ಪಿನಂತೆ ನಟಿಸಿದರೆ ನಗೆಪಾಟಲು. ಹಾರ್ಪ್ ಹೇಳಿದ್ದನ್ನು ತನ್ನ ಉಸಿರಿ‌ನ ಭಾಷೆಯಲ್ಲಿ ಹೇಳಿದರೆ ಹಾಡು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳಿಂದ ನಮ್ಮ ಕೃತಿಗಳನ್ನು ನುಡಿಸುವ ಕರ್ನಾಟಕ ಬ್ಯಾಂಡು ಕಟ್ಟಿದ್ದು ಇದೇ ಧೈರ್ಯದಿಂದ. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮರುಳಾದ ದಕ್ಷಿಣ ಕನ್ನಡದ ನಾಗಸ್ವರ ಮನೆತನದ ಹುಡುಗ ಕದ್ರಿ ಗೋಪಾಲನಾಥರು ಮುಂದೆ ಆ ವಾದ್ಯಕ್ಕೆ ಕರ್ನಾಟಕ ಸಂಗೀತವನ್ನೇ ಕಲಿಸಿಬಿಟ್ಟರು.

ಐರಿಷ್ ಹಾಡು ಕೈಗೆ ಬಂದ ಮೇಲೆ ಮಕ್ಕಳು ತಮ್ಮ ಊರಿನ ಕಡೆಗೆ ಕಿವಿಗೊಡಲಿ. ಹಿರಿಯೂರಿನ ಸುತ್ತಣ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರು ಜುಂಜಪ್ಪನ ಕತೆಯನ್ನು ಹಾಡುವಾಗ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುತ್ತಾರೆ. ಅದು ನಮ್ಮ ನೆಲದ್ದೇ ಉಸಿರಿನ ವಾದ್ಯ. ಅದರ ಸ್ವರಗಳು ಕ್ಲಾರಿಯೊನೆಟ್ಟಿನ ಕೀಲಿಗಳಿಗೆ ನೇರವಾಗಿ ಕೂಡಲಾರವು, ಬಲವಂತವಾಗಿ ಕೂಡಿಸಲೂಬಾರದು. ಬಂಟಿಂಗನ ಕತೆಯನ್ನು ನೆನೆದು, ಮೊದಲು ಹಿರಿಯರ ಎದುರು ಕೂತು ಕೇಳಬೇಕು, ಇದ್ದಂತೆಯೇ ಧ್ವನಿಮುದ್ರಿಸಿಡಬೇಕು. ಈಗ ಅದಕ್ಕೆ ಜೇಬಿನ ಮೊಬೈಲು ಸಾಕು. ಆಮೇಲೆ ಗಣೆಯವರನ್ನೇ ಮೇಳದ ನಡುವೆ ಕೂರಿಸಿ, ಬ್ಯಾಂಡಿನ ಮಕ್ಕಳು ಸುತ್ತ ನಿಂತು ಅವರ ಶ್ರುತಿಯನ್ನಷ್ಟೇ ಮೆಲುವಾಗಿ ಹಿಡಿಯಲಿ. ಅಳವಡಿಕೆಯೆಂದರೆ ಎಷ್ಟೋ ಸಲ ಅಷ್ಟೇ. ಹೊಸದುರ್ಗದ ಸಾಣೇಹಳ್ಳಿಯಲ್ಲಿ ಹಳ್ಳಿಯ ನೆಲದಲ್ಲೇ ರಂಗಭೂಮಿ ಬೆಳೆದು ನಾಡೆಲ್ಲ ಸುತ್ತುತ್ತಿದೆ. ಹೊಳಲ್ಕೆರೆಯ ಮಲ್ಲಾಡಿಹಳ್ಳಿಯಲ್ಲಿ ಆಶ್ರಮದ ಅಂಗಳದಲ್ಲಿ ತಲೆಮಾರುಗಳ ಮಕ್ಕಳು ವ್ಯಾಯಾಮವನ್ನೂ ವಿದ್ಯೆಯನ್ನೂ ಒಟ್ಟಿಗೆ ಕಲಿತರು. ಇಂಥ ಜಿಲ್ಲೆಯಲ್ಲಿ ಶಾಲೆಯ ಬ್ಯಾಂಡೊಂದು ವರ್ಷಕ್ಕೆ ಎರಡು ದಿನಕ್ಕಿಂತ ಹೆಚ್ಚು ಬಾಳುವುದು ಅಸಾಧ್ಯವೇನಲ್ಲ.

ಹಾಡಿಗೆ ಮುನ್ನೂರು ವರ್ಷದ ಮೇಲಾಗಿರುವುದರಿಂದ ಮೂಲಧಾಟಿಯನ್ನು ಯಾರ ಅಪ್ಪಣೆಯೂ ಇಲ್ಲದೆ ಬಳಸಬಹುದು. ಈಗಿನವರು ಅಚ್ಚು ಹಾಕಿಸಿದ ಅಳವಡಿಕೆಗಳನ್ನು ಮಾತ್ರ ನಕಲು ಮಾಡಬಾರದು, ಅವು ಅವರ ಸ್ವತ್ತು. ನಮ್ಮ ಮಕ್ಕಳ ಅಳತೆ ಅವರಿಗೆ ಗೊತ್ತಿಲ್ಲವಾದ್ದರಿಂದ ನಮ್ಮದನ್ನು ನಾವೇ ಬರೆದುಕೊಳ್ಳುವುದು ಎಲ್ಲ ವಿಧದಲ್ಲೂ ಲೇಸು. ಬರೆಯುವ ಮೊದಲು ಬೀರುವನ್ನು ತೆರೆದು ವಾದ್ಯಗಳನ್ನು ಎಣಿಸಿ. ಆಮೇಲೆ ಮಕ್ಕಳನ್ನು ಎಣಿಸಿ. ಹಾಳೆಗಳನ್ನು ಹಂಚಿ ಮುಗಿಸಿದಾಗ "ನಾನೇನು ಊದ್ಲಿ, ಸಾ?" ಎಂದು ಕೇಳುವ ಹುಡುಗ ಒಬ್ಬನೂ ಉಳಿದಿರಬಾರದು. ಉಳಿದಿದ್ದರೆ ಹಾಡು ಇನ್ನೂ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು.